ಮರು: ಒಂದು ಬಿಟ್ಟು ಒಂದು ಟೈಲ್ ಮಾತ್ರ ಉರಿಯುತ್ತದೆ, ಯಾಕೆ?

ಟೇಬಲ್ ಮೇಲಿನ ಆಟಕ್ಕೆ ನೀವು ಮಾಡಿದ ಫೋಮಿನ ಮಾದರಿ ಟೈಲ್‌ಗಳು ಅಂಚಿನ ಮ್ಯಾಗ್ನೆಟ್ಟಿನಲ್ಲೇ ಒಂದಕ್ಕೊಂದು ಅಂಟಿ, ಅದರಲ್ಲೇ ಎಲ್‌ಇಡಿಗೆ ಕರೆಂಟ್ ದಾಟಿಸುತ್ತವೆ, ಆದರೆ ಒಂದು ಬಿಟ್ಟು ಒಂದರ ದೀಪ ಮಾತ್ರ ಉರಿಯುತ್ತದೆ ಅಂದಿರಿ. ಸೋಲ್ಡರ್ ಬಿಚ್ಚಬೇಡಿ ಮಾರಾಯ್ರೆ. ಡ್ರೈ ಜಾಯಿಂಟ್ (ಸೋಲ್ಡರ್ ಸರಿಯಾಗಿ ಹಿಡಿಯದ ಬೆಸುಗೆ) ಅಂತ ಮೇಲೆ ಹೇಳಿದವರು, ದಪ್ಪ ವೈರ್ ಹಾಕಿ ಅಂದವರು, ಯಾರೂ ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿಲ್ಲ. ಕಾಪು ದೀಪಸ್ತಂಭದ ಟೈಲ್ ಉರಿಯುತ್ತದೆ, ಪಕ್ಕದ ಬಂಡೆಯ ಟೈಲ್ ಉರಿಯುವುದಿಲ್ಲ, ಅದರಾಚೆಯ ದೋಣಿ ಟೈಲ್ ಮತ್ತೆ ಉರಿಯುತ್ತದೆ. ಡ್ರೈ ಜಾಯಿಂಟ್ ಇಷ್ಟು ಶಿಸ್ತಾಗಿ ಒಂದು ಬಿಟ್ಟು ಒಂದು ಬರುತ್ತದಾ?

ನೀವು ಪ್ರತಿ ಅಂಚಿಗೆ ಎರಡು ಮ್ಯಾಗ್ನೆಟ್ ಹಾಕಿದ್ದೀರಿ. ಎಡದ್ದು ಪ್ಲಸ್, ಬಲದ್ದು ಮೈನಸ್, ನಾಲ್ಕೂ ಬದಿಗೆ ಹಾಗೇ. ಈಗ ಎರಡು ಟೈಲ್ ಎದುರುಬದುರು ಹಿಡಿಯಿರಿ. ಒಂದರ ಎಡ ಇನ್ನೊಂದರ ಬಲಕ್ಕೆ ಮುಟ್ಟುತ್ತದೆ. ಅಂದರೆ ಎರಡನೇ ಟೈಲಿಗೆ ಕರೆಂಟ್ ಉಲ್ಟಾ ಹೋಯಿತು, ಎಲ್‌ಇಡಿ ಸುಮ್ಮನೆ ಕೂತಿತು. ಮೂರನೆಯದರಲ್ಲಿ ಉಲ್ಟಾದ ಉಲ್ಟಾ, ಅಂದರೆ ಸರಿ. ಮ್ಯಾಗ್ನೆಟ್ ಹಿಡಿಯಲು ಈ ಎಡ-ಬಲ ಲೆಕ್ಕ ಸರಿಯಾದದ್ದೇ: ಎಡಕ್ಕೆ ಉತ್ತರ ಧ್ರುವ, ಬಲಕ್ಕೆ ದಕ್ಷಿಣ ಇದ್ದರೆ ಯಾವ ಬದಿಯೂ ಯಾವ ಬದಿಗೂ ಅಂಟುತ್ತದೆ. ಅದೇ ಲೆಕ್ಕವನ್ನು ಕರೆಂಟಿಗೂ ಹಾಕುವುದರಿಂದ ಎಡವಟ್ಟು. ನನ್ನ ಮೊದಲ ಸೆಟ್ಟಿನಲ್ಲೂ ಇದೇ ವೈರಿಂಗ್ ಇತ್ತು.

ಬರೀ ಎಲ್‌ಇಡಿ ಇರುವ ತನಕ ಇದು ತಮಾಷೆ. ಎಟಿಟೈನಿ (ಪ್ರೋಗ್ರಾಮ್ ಹಾಕುವ ಸಣ್ಣ ಚಿಪ್) ಅಥವಾ ಡಬ್ಲ್ಯೂಎಸ್2812ಬಿ (ಒಳಗೇ ಚಿಪ್ ಇರುವ ಬಣ್ಣದ ಎಲ್‌ಇಡಿ) ಇರುವ ಟೈಲಿಗೆ ಉಲ್ಟಾ ಹೋದರೆ ಚಿಪ್ ಬಿಸಿಯಾಗಿ ಸಾಯಬಹುದು. ಅದಕ್ಕಿಂತ ಕೆಟ್ಟದ್ದು, ಪಕ್ಕಪಕ್ಕದ ಎರಡು ಟೈಲಿನಲ್ಲಿ ಬೇರೆ ಬೇರೆ ಬ್ಯಾಟರಿ ಇಡುವುದು. ಎರಡೂ ಸೇರಿ ನೇರ ಶಾರ್ಟ್. ಪವರ್ ಬ್ಯಾಂಕ್ ಆದರೆ ತಾನೇ ಆಫ್ ಆಗಬಹುದು. ಪ್ರೊಟೆಕ್ಷನ್ ಇಲ್ಲದ 18650 ಲಿಥಿಯಮ್ ಸೆಲ್ ಆದರೆ ವೈರಿನ ಪ್ಲಾಸ್ಟಿಕ್ ಕರಗಿ ಫೋಮಿನೊಳಗೆ ಇಳಿಯುತ್ತದೆ. ಒಂದು ಟೇಬಲಿಗೆ ಒಂದೇ ಪವರ್. ಇದರಲ್ಲಿ ಚರ್ಚೆ ಬೇಡ.

ನಾನು ಈಗ ಮಾಡುವುದು ಹೀಗೆ. ಅಂಚಿಗೆ ಎರಡಲ್ಲ, ಮೂರು ಕಾಂಟ್ಯಾಕ್ಟ್. ಮೈನಸ್, ಪ್ಲಸ್, ಮೈನಸ್. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ಹಾಗಾಗಿ ಟೈಲನ್ನು ಹೇಗೆ ತಿರುಗಿಸಿದರೂ ಪ್ಲಸ್‌ಗೆ ಪ್ಲಸ್ಸೇ ಸಿಗುತ್ತದೆ. ಎರಡು ಬದಿಯ ಮ್ಯಾಗ್ನೆಟ್‌ಗಳು ಎರಡೂ ಮೈನಸ್. ಮಧ್ಯದ ಪ್ಲಸ್‌ಗೆ ಮ್ಯಾಗ್ನೆಟ್ ಬೇಡ, ಹಿತ್ತಾಳೆಯ ತೆಳು ಪಟ್ಟಿಯನ್ನು ಸ್ಪ್ರಿಂಗ್ ಥರ ಬಾಗಿಸಿ, ಅಂಚಿನಿಂದ ಒಂದು ಎಂಎಂ ಹೊರಗೆ ಇರುವಂತೆ ಕೂರಿಸಿ. ಕೆಟ್ಟುಹೋದ ರಿಮೋಟಿನ ಬ್ಯಾಟರಿ ಸ್ಪ್ರಿಂಗ್ ಪಟ್ಟಿಯೂ ನಡೆಯುತ್ತದೆ. ಪೋಗೋ ಪಿನ್ (ಒತ್ತಿದರೆ ಒಳಗೆ ಹೋಗುವ ಸ್ಪ್ರಿಂಗ್ ಪಿನ್) ಬೇಡವೇ ಬೇಡ. ಪಿನ್‌ಗೆ ಎದುರು ಪ್ಯಾಡ್ ಬೇಕು, ಆಗ ಗಂಡು-ಹೆಣ್ಣು ಬದಿ ಶುರುವಾಗುತ್ತದೆ, ಮಾಡ್ಯುಲರ್ (ಹೇಗೆ ಬೇಕಾದರೂ ಜೋಡಿಸಬಹುದು) ಅನ್ನುವುದಕ್ಕೆ ಅರ್ಥ ಉಳಿಯುವುದಿಲ್ಲ.

6 ಇಂಚಿನ ಟೈಲಾದರೆ ಮ್ಯಾಗ್ನೆಟ್ ಮೂಲೆಯಿಂದ ಅರ್ಧ ಇಂಚಿಗೆ, ಪ್ಲಸ್ ಸರಿಯಾಗಿ 3 ಇಂಚಿಗೆ. ಒಂದು ಇಂಚಿನಲ್ಲಿ ಮ್ಯಾಗ್ನೆಟ್ ಇಟ್ಟರೆ, ಯಾರಾದರೂ ಟೈಲನ್ನು ಆಟದ ಎರಡು ಚೌಕ (ಚೌಕಕ್ಕೆ ಒಂದು ಇಂಚು) ಸರಿಸಿ ಜೋಡಿಸಿದಾಗ ಪ್ಲಸ್ ಹೋಗಿ ಮ್ಯಾಗ್ನೆಟ್ಟಿನ ಮೇಲೆ ಕೂರುತ್ತದೆ. ಆಡುವವರು ಸರಿಸಿಯೇ ಸರಿಸುತ್ತಾರೆ. ಅರ್ಧ ಇಂಚಿನಲ್ಲಿದ್ದರೆ ಎಷ್ಟು ಚೌಕ ಸರಿಸಿದರೂ ಆ ಭಯ ಇಲ್ಲ. ಆದರೂ ಜೋಡಿಸುವಾಗ ಉಜ್ಜಿಕೊಂಡು ಹೋಗುವ ಕ್ಷಣ ಒಂದು ಉಂಟಲ್ಲ, ಅದಕ್ಕೆ ಪವರ್ ಕೊನೆಗೆ ಕೊಡಿ. ಪವರ್ ಬರುವ ವೈರಿಗೆ 500 ಮಿಲಿಆಂಪಿನ ಪಾಲಿಫ್ಯೂಸ್ (ತಣಿದ ಮೇಲೆ ತಾನೇ ಸರಿಹೋಗುವ ಫ್ಯೂಸ್) ಒಂದು ಹಾಕಿ. ಹೊರಗಿನ ಖಾಲಿ ಅಂಚಿಗೆ ಇನ್ಸುಲೇಶನ್ ಟೇಪ್. ಸ್ಟೀಲ್ ಸ್ಕೇಲ್ ತಾಗಿಸುವವರು ಎಲ್ಲ ಟೇಬಲಿನಲ್ಲೂ ಇರುತ್ತಾರೆ.

ಮ್ಯಾಗ್ನೆಟ್‌ಗೆ ನೇರ ಸೋಲ್ಡರ್ ಮಾಡಿದ್ದೀರಿ, ಫೋಟೋದಲ್ಲಿ ಕಾಣುತ್ತದೆ. ನೀವು ‘ಹಿಡಿತ ಕಮ್ಮಿ’ ಅಂದದ್ದೂ ಅದಕ್ಕೇ. ಸಾಮಾನ್ಯ ನಿಯೋಡಿಮಿಯಮ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ, ನಿಮ್ಮ ಐರನ್ ತುದಿ 300 ದಾಟಿರುತ್ತದೆ. ಬದಲಿಗೆ 12 ಎಂಎಂ ಸನ್‌ಬೋರ್ಡ್ (ಗಟ್ಟಿ ಫೋಮ್ ಹಲಗೆ) ಪಟ್ಟಿಯಲ್ಲಿ ಚೌಕಟ್ಟು ಮಾಡಿ, ಅಂಚಿನಲ್ಲಿ 8 ಎಂಎಂ ತೂತು ಕೊರೆಯಿರಿ. ತೂತಿನ ತಳಕ್ಕೆ ರಿಂಗ್ ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಇಟ್ಟು ಸಣ್ಣ ಕಬ್ಬಿಣದ ಸ್ಕ್ರೂ ಬಿಗಿಯಿರಿ. ವೈರನ್ನು ಲಗ್‌ಗೆ ಮೊದಲೇ ಸೋಲ್ಡರ್ ಮಾಡಿರಬೇಕು. ಮ್ಯಾಗ್ನೆಟ್ ಸ್ಕ್ರೂ ತಲೆಗೆ ತಾನೇ ಅಂಟಿಕೊಳ್ಳುತ್ತದೆ. ಅರಲ್ಡೈಟ್ ಅಂಟು ಸುತ್ತ ಮಾತ್ರ, ಹಿಂದೆ ಒಂದು ತೊಟ್ಟು ಹೋದರೂ ಕರೆಂಟ್ ದಾಟುವುದಿಲ್ಲ. ಐದು ನಿಮಿಷದ್ದಕ್ಕಿಂತ ನಿಧಾನಕ್ಕೆ ಗಟ್ಟಿಯಾಗುವ ಹಳೆಯ ಅರಲ್ಡೈಟೇ ನನಗೆ ಇಷ್ಟ. ಫೋಮಿಗೆ ಫೆವಿಕಾಲ್ ಎಸ್‌ಎಚ್ ಸಾಕು. ಸೂಪರ್ ಗ್ಲೂ, ರಬ್ಬರ್ ಸೊಲ್ಯೂಷನ್, ಸ್ಪ್ರೇ ಪೇಂಟ್ ಮೂರೂ ಥರ್ಮಾಕೋಲನ್ನು ತಿನ್ನುತ್ತವೆ. ಇದನ್ನು ಗುಂಪಿನಲ್ಲಿ ಎಷ್ಟು ಸಲ ಬರೆಯಬೇಕೋ.

ಆರು ಟೈಲ್ ಆಗಲೇ ಪೇಂಟ್ ಆಗಿದೆ, ಒಡೆಯಲು ಮನಸ್ಸಿಲ್ಲ ಅಂದರೆ ಬ್ರಿಜ್ ರೆಕ್ಟಿಫೈಯರ್ ಹಾಕಬಹುದು. ಪ್ರತಿ ಟೈಲಿನ ಅಡಿಯಲ್ಲಿ ಎಲ್‌ಇಡಿಗಳಿಗೆ ಹೋಗುವ ಮುಂಚೆ ನಾಲ್ಕು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ). ಉಲ್ಟಾ ಬಂದರೂ ಸೀದಾ ಆಗುತ್ತದೆ. ಸಾಮಾನ್ಯ 1ಎನ್4007 ಡಯೋಡ್ ಹಾಕಿದರೆ ಸುಮಾರು 1.4 ವೋಲ್ಟ್ ತಿನ್ನುತ್ತದೆ, 5ರಲ್ಲಿ 3.6 ಉಳಿಯುತ್ತದೆ. ಬಿಳಿ ಎಲ್‌ಇಡಿಗೇ 3 ವೋಲ್ಟ್ ಬೇಕು, ಅಂಚಿಗೆ ಬಂತು ಅಲ್ವಾ. 1ಎನ್5819 ಷಾಟ್ಕಿ ಡಯೋಡ್ ತಗೊಳ್ಳಿ, ನಷ್ಟ ಅದರ ಅರ್ಧದ ಆಸುಪಾಸು. ಮಂಗಳೂರಿನ ಹಂಪನಕಟ್ಟೆಯಲ್ಲಿ ಬಿಡಿಯಾಗಿ ಕೇಳಿ ನೋಡಿ. ಆದರೆ ಇದು ರಿಪೇರಿ ಮಾತ್ರ, ಹೊಸ ಟೈಲಿಗೆ ಮೂರು ಕಾಂಟ್ಯಾಕ್ಟೇ.

ಎಲ್‌ಇಡಿ ವಿಷಯಕ್ಕೆ ಬಂದರೆ, ಕೆಂಪು ಮತ್ತು ಬಿಳಿಯನ್ನು ಒಂದೇ ರೆಸಿಸ್ಟರ್‌ಗೆ ಪ್ಯಾರಲಲ್ ಹಾಕಿದ್ದೀರಿ. ಕೆಂಪು ಸುಮಾರು 2 ವೋಲ್ಟಿಗೇ ಉರಿದು ಬಿಳಿಗೆ ಏನೂ ಬಿಡುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ರೆಸಿಸ್ಟರ್. 220 ಓಮ್ ಬೇಡ, 1ಕೆ (1000 ಓಮ್) ಹಾಕಿ. ಬಿಳಿಗೆ 2 ಮಿಲಿಆಂಪ್ ಬರುತ್ತದೆ, ಮನೆಯೊಳಗಿನ ದೀಪಕ್ಕೆ ಅಷ್ಟು ಸಾಕು. ಜಾಸ್ತಿ ಕೊಟ್ಟರೆ ಫೋಮಿನ ಗೋಡೆಯೇ ಹೊಳೆಯುತ್ತದೆ. ಒಳಗೆ ಕಪ್ಪು ಅಕ್ರಿಲಿಕ್ ಎರಡು ಕೋಟ್ ಹೊಡೆಯಿರಿ. ಬೆಳಕು ತಡೆಯಲು ಅಡಿಗೆಮನೆಯ ಫಾಯಿಲ್ ಅಂಟಿಸಬೇಡಿ, ಅದೂ ಕರೆಂಟ್ ಹರಿಸುತ್ತದೆ.

ಹೀಗೆ ಕಮ್ಮಿ ಕರೆಂಟ್ ಎಳೆದರೆ ಇನ್ನೊಂದು ತಲೆನೋವು ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ತುಂಬಾ ಪವರ್ ಬ್ಯಾಂಕ್‌ಗಳು ಲೋಡ್ ಕಮ್ಮಿ ಇದ್ದರೆ ಫೋನ್ ತುಂಬಿತು ಅಂತ ತಿಳಿದು ಸ್ವಲ್ಪ ಹೊತ್ತಿಗೆ ಆಫ್ ಆಗುತ್ತವೆ. ಇಪ್ಪತ್ತು ಎಲ್‌ಇಡಿಗೆ 40 ಮಿಲಿಆಂಪ್ ಅಷ್ಟೇ ಆಗುವುದು. ಇಯರ್‌ಬಡ್ ಚಾರ್ಜಿಗೆಂದು ಲೋ ಕರೆಂಟ್ ಮೋಡ್ ಇರುವುದು ಸಿಗುತ್ತದೆ, ಅಂಥದ್ದು ನೋಡಿ. ಇಲ್ಲವೇ ಫೋನ್ ಚಾರ್ಜರ್.

ದೀಪಸ್ತಂಭ ಮಿನುಗಿಸಲು ಟೈಲಿನಿಂದ ಟೈಲಿಗೆ ಡೇಟಾ ಲೈನ್ ದಾಟಿಸುವ ಯೋಚನೆ ಬಿಡಿ. ಡಬ್ಲ್ಯೂಎಸ್2812ಬಿಗೆ ಒಳಬರುವ ದಿಕ್ಕು, ಹೊರಹೋಗುವ ದಿಕ್ಕು ಬೇರೆ, ಟೈಲ್ ತಿರುಗಿಸಿದರೆ ಮುಗಿಯಿತು. ಪೂರ್ತಿ ಬಿಳಿಯಲ್ಲಿ ಒಂದೊಂದೂ 60 ಮಿಲಿಆಂಪ್ ಬೇರೆ. ಪವರ್ ಮಾತ್ರ ದಾಟಲಿ. ಬುದ್ಧಿ ಬೇಕಾದ ಟೈಲಿಗೆ ಅದರದ್ದೇ ಡಿಜಿಸ್ಪಾರ್ಕ್ (ಎಟಿಟೈನಿ ಚಿಪ್ಪಿನ ಸಣ್ಣ ಬೋರ್ಡ್) ಇಡಿ. ಆನ್ ಮಾಡಿದ ಮೇಲೆ ಐದು ಸೆಕೆಂಡ್ ಅದು ಸುಮ್ನೆ ಇರುತ್ತದೆ, ಬೂಟ್‌ಲೋಡರ್ ಹೊಸ ಪ್ರೋಗ್ರಾಮ್ ಬರುತ್ತದಾ ಅಂತ ಕಾಯುವುದು, ಕೆಟ್ಟಿತೆಂದು ಬಿಚ್ಚಬೇಡಿ.

ಮಳೆಗಾಲಕ್ಕೆ ಎಂಡಿಎಫ್ (ಮರದ ನಾರು ಒತ್ತಿದ ಹಲಗೆ) ಬೇಸ್ ನಮ್ಮ ಊರಿಗೆ ಆಗುವುದಿಲ್ಲ. ಆಟಿ (ತುಳು ತಿಂಗಳು, ಜುಲೈ-ಆಗಸ್ಟ್) ಬರುವಾಗ ಬಾಳೆಎಲೆಯಂತೆ ಬಾಗುತ್ತದೆ, ಕಾಂಟ್ಯಾಕ್ಟ್ ಒಂದೂ ಸೇರುವುದಿಲ್ಲ. ಈಗಾಗಲೇ ಇದ್ದರೆ ಮೇಲೆ ಕೆಳಗೆ ಎರಡೂ ಕಡೆ ಪೇಂಟ್ ಹೊಡೆಯಿರಿ, ಒಂದೇ ಕಡೆ ಹೊಡೆದರೆ ಇನ್ನೂ ಬೇಗ ಬಾಗುತ್ತದೆ. ಕಾಪರ್ ಟೇಪ್ ಕಡಲ ಗಾಳಿಗೆ ಕಪ್ಪಾಗುತ್ತದೆ. ತುಂಬಾ ಟೇಪ್‌ಗಳ ಗೋಂದು ಕರೆಂಟ್ ಬಿಡುವುದೂ ಇಲ್ಲ, ಜೋಡಣೆಗೆ ಸೋಲ್ಡರ್ ಬೇಕೇ ಬೇಕು. ಮ್ಯಾಗ್ನೆಟ್ ಮೇಲಿನ ನಿಕಲ್ ಲೇಪ ಎದ್ದ ಜಾಗದಿಂದ ತುಕ್ಕು ಹಿಡಿಯುತ್ತದೆ. ಕಾಂಟ್ಯಾಕ್ಟಿಗೆ ವ್ಯಾಸಲೀನ್ ತೆಳ್ಳಗೆ ಸವರಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಇಡಿ.

ಹಂಚಿನ ಮಾಡಿಗೆ (ಛಾವಣಿಗೆ) ಕಾರ್ಡ್‌ಬೋರ್ಡ್ ಸುಲಿದು ಮಾಡಿದ್ದು ಚೆಂದ ಬಂದಿದೆ. ಬಣ್ಣ ಮಾತ್ರ ತೀರಾ ಕಿತ್ತಳೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ನಮ್ಮ ಮಾಡುಗಳು ಮಳೆಯಲ್ಲಿ ನೆನೆಯುತ್ತಲೇ ಇವೆ, ಸ್ವಲ್ಪ ಕಪ್ಪು ವಾಶ್ (ನೀರು ಬೆರೆಸಿದ ತೆಳು ಬಣ್ಣ) ಕೊಟ್ಟು ಅಂಚಿಗೆ ಪಾಚಿ ಹಸಿರು ಮುಟ್ಟಿಸಿ.

ಹೊಸ ಅಂಚು ಮಾಡಿದ ಮೇಲೆ ಪವರ್ ಕೊಡುವ ಮುಂಚೆ ಮಲ್ಟಿಮೀಟರ್ ಬೀಪ್ ಮೋಡಿಗೆ ಹಾಕಿ. ಒಂದೇ ಟೈಲಿನ ಎಂಟೂ ಮ್ಯಾಗ್ನೆಟ್ ನಡುವೆ ಬೀಪ್ ಬರಬೇಕು, ನಾಲ್ಕು ಹಿತ್ತಾಳೆ ಪಟ್ಟಿ ನಡುವೆ ಬರಬೇಕು, ಮ್ಯಾಗ್ನೆಟ್‌ಗೂ ಪಟ್ಟಿಗೂ ಬರಬಾರದು. ಆ ಬಂಡೆ ಟೈಲಿನಲ್ಲಿ ಚಿಪ್ ಇತ್ತಾ, ಬರೀ ಎಲ್‌ಇಡಿಯಾ? ಚಿಪ್ ಇದ್ದರೆ ಅದನ್ನು ಬೇರೆಯಾಗಿ ಪರೀಕ್ಷಿಸಿ ಹೇಳಿ.