ಮುದಿ ನಕ್ಷತ್ರಕ್ಕೆ ಈ ಪರಿ ವೇಗ ಎಲ್ಲಿಂದ ಬಂತು?

ಪ್ರಶ್ನೆ: ಪಲ್ಸಾರ್‌ಗಳು ವಯಸ್ಸಾದಂತೆ ನಿಧಾನ ಆಗುತ್ತವೆ ಅಂತ ಓದಿದ್ದೆ. ಆದರೆ ಸೆಕೆಂಡಿಗೆ 700 ಸುತ್ತು ತಿರುಗುವ ಹಳೇ ನ್ಯೂಟ್ರಾನ್ ನಕ್ಷತ್ರಗಳೂ ಇವೆಯಂತೆ. ಪಕ್ಕದ ನಕ್ಷತ್ರದಿಂದ ಅನಿಲ ಎಳೆದುಕೊಂಡು ವೇಗ ಪಡೆಯುತ್ತವಂತೆ. ಮೈಮೇಲೆ ಭಾರ ಬಿದ್ದರೆ ಇನ್ನೂ ನಿಧಾನ ಆಗಬೇಕಲ್ವಾ ಸರ್?
– ಪಿಯುಸಿ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಒಳ್ಳೆಯ ಅನುಮಾನ ಕಣಮ್ಮ. ನ್ಯೂಟ್ರಾನ್ ನಕ್ಷತ್ರ ಅಂದರೆ ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ, ವಿಪರೀತ ಒತ್ತಾದ ತಿರುಳು; ಅದು ತಿರುಗುತ್ತಾ ಮಿಡಿದ ಹಾಗೆ ಕಿರಣ ಬೀರಿದರೆ ಅದೇ ಪಲ್ಸಾರ್. ಅನಿಲ ಸೀದಾ ಮೇಲಿಂದ ಬಿದ್ದಿದ್ದರೆ ನೀನು ಹೇಳಿದ ಹಾಗೇ ಆಗುತ್ತಿತ್ತು. ಅದು ಹಾಗೆ ಬೀಳುವುದಿಲ್ಲ.

ಮಳೆಗಾಲದಲ್ಲಿ ತುಂಗೆಯ ಸುಳಿಗೆ ಸಿಕ್ಕ ಎಲೆಯನ್ನು ನೋಡಿರುತ್ತೀಯ. ಸುತ್ತಿ ಸುತ್ತಿ ಒಳಗೆ ಹೋಗುತ್ತದೆ, ನಡುವಿಗೆ ಹತ್ತಿರ ಆದಷ್ಟೂ ಸುತ್ತು ಜೋರಾಗುತ್ತದೆ. ಇಲ್ಲೂ ಅಷ್ಟೇ. ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿರುವುದರಿಂದ ಕಿತ್ತು ಬರುವ ಅನಿಲಕ್ಕೂ ಆ ಸುತ್ತು ಮೊದಲೇ ಇರುತ್ತದೆ, ಹಾಗಾಗಿ ಅದು ನ್ಯೂಟ್ರಾನ್ ನಕ್ಷತ್ರದ ಸುತ್ತ ತಟ್ಟೆಯ ಹಾಗೆ ಹರಡಿಕೊಂಡು, ಕೊನೆಗೆ ಪಕ್ಕದಿಂದ ಬಂದು ಸೇರುತ್ತದೆ. ತಲೆಕೆಳಗೆ ನಿಲ್ಲಿಸಿದ ಸೈಕಲ್ಲಿನ ಚಕ್ರವನ್ನು ಮೇಲಿಂದ ಒತ್ತಿದರೆ ತಿರುಗಲ್ಲ, ಅಂಚನ್ನು ಸವರಿದ ಹಾಗೆ ತಟ್ಟುತ್ತಾ ಇದ್ದರೆ ವೇಗ ಏರುತ್ತಲೇ ಹೋಗುತ್ತದೆ. ಇಂಥ ತಟ್ಟು ಕೋಟ್ಯಂತರ ವರ್ಷ ನಡೆಯುತ್ತದೆ!

ಆದರೆ ಎಷ್ಟು ವೇಗ ಸಿಗಬೇಕು ಅನ್ನುವುದನ್ನು ತೀರ್ಮಾನಿಸುವುದು ಕಾಂತಕ್ಷೇತ್ರ, ನನಗೆ ತುಂಬಾ ಇಷ್ಟವಾದ ಭಾಗ ಇದು. ಎಳೆಯ ನ್ಯೂಟ್ರಾನ್ ನಕ್ಷತ್ರದ ಕಾಂತಕ್ಷೇತ್ರ ಎಷ್ಟು ಬಲವಾಗಿರುತ್ತದೆ ಎಂದರೆ ತಟ್ಟೆಯನ್ನು ದೂರದಲ್ಲೇ ತಡೆದುಬಿಡುತ್ತದೆ. ಅಷ್ಟು ದೂರದಲ್ಲಿ ಅನಿಲದ ಸುತ್ತು ನಿಧಾನ, ಅದು ಕೊಡುವ ವೇಗವೂ ಕಡಿಮೆ. ಹಳೆಯದರಲ್ಲಿ ಆ ಬಲ ಸುಮಾರು ಹತ್ತು ಸಾವಿರ ಪಟ್ಟು ಕುಗ್ಗಿರುತ್ತದೆ. ಆಗ ತಟ್ಟೆ ನಕ್ಷತ್ರದ ಮೈ ಹತ್ತಿರದ ತನಕ ಬರುತ್ತದೆ, ಅಲ್ಲಿ ಅನಿಲ ಸೆಕೆಂಡಿಗೆ ನೂರಾರು ಸುತ್ತು ಹಾಕುತ್ತಿರುತ್ತದೆ, ಆ ವೇಗವೇ ನಕ್ಷತ್ರಕ್ಕೂ ದಾಟುತ್ತದೆ. ನಕ್ಷತ್ರ ತಟ್ಟೆಯ ಒಳ ಅಂಚಿಗಿಂತ ಜೋರಾಗಿ ತಿರುಗತೊಡಗಿದರೆ ಬಂದ ಅನಿಲವನ್ನೇ ಹೊರಗೆ ಎಸೆಯಬಹುದು.

ನೀನು ಕೇಳಿದ 700ರ ಲೆಕ್ಕ ಟರ್ಜಾನ್ 5 ಎಂಬ ನಕ್ಷತ್ರಗುಚ್ಛದ ಒಂದು ಪಲ್ಸಾರ್‌ನದು, ಸೆಕೆಂಡಿಗೆ 716 ಸುತ್ತು. ಇಂಥ ನಕ್ಷತ್ರದ ಅಗಲ 20–25 ಕಿ.ಮೀ. ಅಷ್ಟೇ, ಶಿವಮೊಗ್ಗದಿಂದ ಹೊರಟು ಭದ್ರಾವತಿ ಮುಟ್ಟುವಷ್ಟು. ತೂಕ ಮಾತ್ರ ಸೂರ್ಯನಿಗಿಂತ ಜಾಸ್ತಿ.

ಮೊದಲ ಸುಳಿವು ಸಿಕ್ಕಿದ್ದು 1982ರಲ್ಲಿ. ಸೆಕೆಂಡಿಗೆ 642 ಸುತ್ತಿನ ಪಲ್ಸಾರ್ ಕಂಡುಹಿಡಿದ ತಂಡದಲ್ಲಿ ಹುಬ್ಬಳ್ಳಿಯಲ್ಲಿ ಶಾಲೆ ಕಲಿತ ಶ್ರೀನಿವಾಸ ಕುಲಕರ್ಣಿ ಇದ್ದರು. ಅದು ಮುದಿಯಾಗಿ, ಸಂಗಾತಿಯಿಂದ ಮತ್ತೆ ವೇಗ ಪಡೆದದ್ದು ಎಂದು ಅದೇ ವರ್ಷ ಹೇಳಿದವರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಇದ್ದರು. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? 1998ರಲ್ಲಿ ಅನಿಲ ಎಳೆಯುತ್ತಲೇ ಸೆಕೆಂಡಿಗೆ 401 ಸುತ್ತು ತಿರುಗುವ ನಕ್ಷತ್ರ ಎಕ್ಸ್-ರೇಯಲ್ಲಿ ಸಿಕ್ಕಿತು. 2013ರಲ್ಲಿ ಎಂ28 ಗುಚ್ಛದಲ್ಲಿ ಒಂದೇ ನಕ್ಷತ್ರ ಮೊದಲು ಅನಿಲ ಎಳೆದು ಎಕ್ಸ್-ರೇಯಲ್ಲಿ ಮಿಡಿದು, ಕೆಲವೇ ವಾರಗಳಲ್ಲಿ ರೇಡಿಯೋ ಪಲ್ಸಾರ್ ಆಯಿತು. ಅನಿಲ ಎಳೆಯುವ ನಕ್ಷತ್ರವೂ ವೇಗದ ರೇಡಿಯೋ ಪಲ್ಸಾರೂ ಒಂದೇ ಅನ್ನುವುದು ಆಗ ಕಣ್ಣೆದುರೇ ಕಂಡಿತು.

ಆ ನಕ್ಷತ್ರ ನಿನಗೆ ಕಾಣುವುದಿಲ್ಲ, ಗುಚ್ಛ ಕಾಣುತ್ತದೆ. ಏಪ್ರಿಲ್‌ನಲ್ಲಿ ಮೋಡ ಇಲ್ಲದ ದಿನ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಊರಿನ ದೀಪಗಳಿಂದ ದೂರ ಹೋಗಿ, ದಕ್ಷಿಣದ ಧನು ರಾಶಿಯ ಕಡೆ ಬೈನಾಕ್ಯುಲರ್ ಹಿಡಿ. ಮಸುಕಾದ ಸಣ್ಣ ಚುಕ್ಕೆಯ ಹಾಗೆ ಇರುತ್ತದೆ.