ಕರೆಂಟ್ ಸಾಲದಿದ್ದಾಗ ಬೇಕಂತಲೇ ಲೈನ್ ತೆಗೆಯುವುದು ಯಾಕೆ?

ಇಡೀ ಗ್ರಿಡ್, ಅಂದರೆ ಘಟಕಗಳನ್ನೂ ಮನೆಗಳನ್ನೂ ಜೋಡಿಸುವ ವಿದ್ಯುತ್ ಜಾಲ, ಉಳಿಸಿಕೊಳ್ಳುವುದಕ್ಕೆ. ಉತ್ಪಾದನೆಗಿಂತ ಬಳಕೆ ಜಾಸ್ತಿಯಾದರೆ ಜನರೇಟರ್‌ಗಳ ವೇಗ ಇಳಿಯುತ್ತದೆ, ಜೊತೆಗೆ ಫ್ರೀಕ್ವೆನ್ಸಿಯೂ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೆ ಅನ್ನುವ ಲೆಕ್ಕ, ಹರ್ಟ್ಜ್‌ನಲ್ಲಿ). ತೀರಾ ಇಳಿದರೆ ಯಂತ್ರ ಹಾಳಾಗದಿರಲಿ ಅಂತ ವಿದ್ಯುತ್ ಘಟಕಗಳು ತಾವೇ ಟ್ರಿಪ್ ಆಗುತ್ತವೆ, ಅಂದರೆ ನಿಂತುಬಿಡುತ್ತವೆ. ಆಗ ಕೊರತೆ ಇನ್ನೂ ಹೆಚ್ಚಿ ಒಂದರ ಹಿಂದೆ ಒಂದು ನಿಲ್ಲುತ್ತವೆ. ಹಾಗಾಗದಿರಲಿ ಅಂತ ಕೆಲವರ ಲೈನ್ ತೆಗೆದು ಬಳಕೆ ಇಳಿಸುತ್ತಾರೆ.

ಅಮೆರಿಕದ ಟೆಕ್ಸಾಸ್‌ನಲ್ಲಿ 2021ರ ಫೆಬ್ರವರಿ 15ರ ನಡುರಾತ್ರಿ ಕಳೆದ ಮೇಲೆ ಇದೇ ಆಗುವುದರಲ್ಲಿತ್ತು. ಕರೆಂಟ್ ತಯಾರಿಸಲು ಬಳಸುವ ಗ್ಯಾಸಿನ ಬಾವಿ, ಪೈಪುಗಳೆಲ್ಲ ಕಡು ಚಳಿಗೆ ಹೆಪ್ಪುಗಟ್ಟಿದ್ದವು. 60 ಹರ್ಟ್ಜ್ ಇರಬೇಕಾದ ಫ್ರೀಕ್ವೆನ್ಸಿ 59.3ಕ್ಕೆ ಬಿತ್ತು. ಇನ್ನೊಂದು ನಾಲ್ಕೂವರೆ ನಿಮಿಷ ಹಾಗೇ ಇದ್ದಿದ್ದರೆ ಗ್ರಿಡ್ಡೇ ಕುಸಿಯುತ್ತಿತ್ತು, ಮತ್ತೆ ಎಬ್ಬಿಸಲು ವಾರಗಳೇ ಬೇಕಿತ್ತು. ಲಕ್ಷಾಂತರ ಮನೆಗಳ ಲೈನ್ ತೆಗೆದು ಉಳಿಸಿಕೊಂಡರು.

ಆದರೆ ಗ್ಯಾಸ್ ಕಳಿಸುವ ಕೆಲವು ಕೇಂದ್ರಗಳ ಕರೆಂಟೂ ಹೋಯಿತು. ಗ್ಯಾಸ್ ಇಲ್ಲದೆ ಇನ್ನಷ್ಟು ಘಟಕ ನಿಂತವು. ಹೊರಗಿಂದ ಕರೆಂಟ್ ತರಿಸೋಣವೆಂದರೆ ಪಕ್ಕದ ಗ್ರಿಡ್‌ಗಳ ಜೊತೆ ಸಂಪರ್ಕವೂ ತೀರಾ ಕಡಿಮೆ ಇತ್ತು. ನನಗೆ ಜಾಸ್ತಿ ಬೇಜಾರಾಗುವುದು ಬೇರೆ ವಿಷಯಕ್ಕೆ: 2011ರ ಚಳಿಯಲ್ಲೂ ಘಟಕಗಳು ಹೀಗೇ ನಿಂತಿದ್ದವು. ಪೈಪುಗಳಿಗೆ ಚಳಿ ತಡೆಯುವ ಹೊದಿಕೆ ಹಾಕಿ ಅಂತ ಆಗಲೇ ಹೇಳಿದ್ದರು.