‘ಒಂದ್ನಿಮಿಷ ಬಾರಪ್ಪ’ ಅನ್ನೋ ಕರೆಗಳ ನಡುವೆ

ಪ್ರಶ್ನೆ: ನಾನು ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಸ್ಟಮ್ ಅಡ್ಮಿನ್. ವಯಸ್ಸು 31. ನೂರಕ್ಕೂ ಜಾಸ್ತಿ ಕಂಪ್ಯೂಟರ್‌ಗಳಿಗೆ ನಾನು ಮತ್ತು ಒಬ್ಬ ಜೂನಿಯರ್ ಹುಡುಗ, ಇಬ್ಬರೇ. ಬೆಳಿಗ್ಗೆಯಿಂದ ‘ಒಂದ್ನಿಮಿಷ ಬಾರಪ್ಪ, ಪ್ರಿಂಟ್ ಬರವಲ್ದು’ ಅಂತ ಕರೆ. ಊಟಕ್ಕೆ ಕೂತರೂ ಫೋನು. ಬ್ಯಾಕಪ್, ಅಂದರೆ ಆಸ್ಪತ್ರೆಯ ಫೈಲುಗಳ ಇನ್ನೊಂದು ಪ್ರತಿ, ಸರಿಯಾಗಿ ಆಗ್ತಿದೆಯೋ ಇಲ್ಲವೋ ನೋಡಿ ಮೂರು ತಿಂಗಳಾಯಿತು. ಮೊನ್ನೆ ಹೆಡ್ ಸಿಸ್ಟರ್ ಮೇಲೆ ರೇಗಿಬಿಟ್ಟೆ. ನನ್ನನ್ನು ಮಗನ ಹಾಗೆ ನೋಡುವವರು. ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಲೇ?

ಉತ್ತರ: ಮೊದಲು ಆ ಸಿಸ್ಟರ್ ಹತ್ತಿರ ಹೋಗಿ. ನಾಳೆಯೇ. ಕಂಪ್ಯೂಟರ್ ನೋಡುವ ನೆಪ ಬೇಡ. ‘ಅಮ್ಮಾ, ಅವತ್ತು ತಪ್ಪಾಯ್ತು’ ಅನ್ನಿ, ಸಾಕು.

ನೀವು ಸಿಡುಕರು ಅಂತ ನನಗೆ ಅನ್ನಿಸುವುದಿಲ್ಲ. ದಣಿದಿದ್ದೀರಿ. ಅಮೆರಿಕದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದರು. ನಡುನಡುವೆ ತಡೆದರೂ ಜನ ಕೆಲಸ ಮುಗಿಸುತ್ತಾರೆ, ಇನ್ನೂ ಬೇಗನೇ ಮುಗಿಸುತ್ತಾರೆ. ಆದರೆ ಒತ್ತಡ, ಕಿರಿಕಿರಿ ಜಾಸ್ತಿಯಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಎಲ್ಲ ನಡೀತಿದೆ ಅನ್ನಿಸುತ್ತದೆ, ಒಳಗೆ ನೀವು ಸವೆಯುತ್ತೀರಿ. ಹಾಗೇ ಆಗಿದೆ ಅಲ್ವಾ?

ಈಗ ಕರೆಯುವವರ ಕಡೆ ನೋಡಿ. ಬೆಳಿಗ್ಗೆ ಒಂಬತ್ತಕ್ಕೆ ಮಾನ್ವಿ, ದೇವದುರ್ಗದ ಬಸ್ಸಿಳಿದು ಬಂದವರು ಬಿಲ್ಲಿಂಗ್ ಕೌಂಟರ್ ಮುಂದೆ ನಿಂತಿರುತ್ತಾರೆ. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೆ ಬೈಸಿಕೊಳ್ಳುವುದು ಆ ಕೌಂಟರ್ ಹುಡುಗಿ. ಅವಳಿಗೆ ‘ಇಲ್ಲ’ ಅನ್ನಲು ನಿಮ್ಮಿಂದ ಆಗದಿರುವುದು ದೌರ್ಬಲ್ಯ ಅಲ್ಲ. ಅಲ್ಲೊಂದು ಪ್ರಿಂಟರ್ ಹೆಚ್ಚುವರಿ ಇಡಿಸಿ, ಕಾಗದ ಬಿಡಿಸೋದು ಅವಳಿಗೇ ಕಲಿಸಿ. ಆ ಕರೆ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ.

ಉಳಿದ ಎಷ್ಟೋ ಕರೆಗಳು ಭಯದ ಕರೆಗಳು. ‘ಇವನು ಮರೆತುಬಿಡ್ತಾನೆ’ ಅನ್ನೋ ಭಯ. ಅದಕ್ಕೇ ಒಂದೇ ವಿಷಯಕ್ಕೆ ನಾಲ್ಕು ಸಲ ಫೋನು. ಒಂದು ಉದ್ದನೆಯ ನೋಟ್‌ಬುಕ್ ತೊಗೊಳ್ಳಿ. ಕೇಳಿದವರ ಎದುರಿಗೇ ಬರೆಯಿರಿ: ಯಾರು, ಏನು, ಎಷ್ಟು ಹೊತ್ತಿಗೆ. ‘ಮೂರು ಗಂಟೆಗೆ ಬರ್ತೀನಿ’ ಅಂದರೆ ಮೂರಕ್ಕೆ ಅಲ್ಲಿರಿ. ಮೊದಲ ಎರಡು ವಾರ ಒಂದು ಸಲವೂ ತಪ್ಪಬೇಡಿ. ನಂಬಿಕೆ ಬಂದಮೇಲೆ ಜನ ಕಾಯುತ್ತಾರೆ. ದೂರುಗಳನ್ನು ‘ಟಿಕೆಟ್’ ಅಂತ ಕಂಪ್ಯೂಟರ್‌ನಲ್ಲೇ ದಾಖಲಿಸುವ ಜಿಎಲ್‌ಪಿಐ, ಓಎಸ್‌ಟಿಕೆಟ್ ಥರದ ಉಚಿತ ಸಾಫ್ಟ್‌ವೇರ್ ಆಮೇಲೆ ಹಾಕಿಕೊಳ್ಳಬಹುದು. ನಂಬಿಕೆ ಇಲ್ಲದಾಗ ಹಾಕಿದರೆ ಟಿಕೆಟ್ಟೂ ಬರುತ್ತದೆ, ಫೋನೂ ಬರುತ್ತದೆ.

ಜೂನಿಯರ್ ಜೊತೆ ಪಾಳಿ ಮಾಡಿಕೊಳ್ಳಿ. ಹತ್ತರಿಂದ ಹನ್ನೆರಡರವರೆಗೆ ಕರೆಯೆಲ್ಲ ಅವನಿಗೆ, ಮಧ್ಯಾಹ್ನ ನಿಮಗೆ. ಇದಕ್ಕೊಂದು ಆಸ್ಪತ್ರೆಯದೇ ಮೊಬೈಲ್ ಕೇಳಿ, ನಿಮ್ಮ ಸ್ವಂತ ನಂಬರ್ ಬೇಡ. ನಿಮ್ಮ ಎರಡು ಗಂಟೆ ನಿಮ್ಮ ಕುರ್ಚಿಯಲ್ಲಿ ಕೂರಬೇಡಿ, ಕಂಡರೆ ಕರೆಯುತ್ತಾರೆ. ರೆಕಾರ್ಡ್ ರೂಮಿನಲ್ಲಿ ಒಂದು ಟೇಬಲ್ ಹಾಕಿಕೊಳ್ಳಿ. ಐಸಿಯು, ಲ್ಯಾಬ್, ಬಿಲ್ಲಿಂಗ್ ನಿಂತರೆ ಮಾತ್ರ ಅವನು ನಿಮ್ಮನ್ನು ಎಬ್ಬಿಸಲಿ. ಹುಡುಗ ತಪ್ಪು ಮಾಡುತ್ತಾನೆ. ಮಾಡಲಿ, ಕಲಿಯುತ್ತಾನೆ.

ಆ ಮೊದಲ ಎರಡು ಗಂಟೆ ಬ್ಯಾಕಪ್‌ಗೆ ಕೊಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಆ ಮೂರು ತಿಂಗಳು. ‘ಸಕ್ಸಸ್’ ಅಂತ ಬಂದಿದ್ದನ್ನು ನೋಡಿ ಸುಮ್ನೆ ಇರಬೇಡಿ. ಒಬ್ಬ ರೋಗಿಯ ಫೈಲ್ ಅನ್ನು ಬ್ಯಾಕಪ್‌ನಿಂದ ಬೇರೆ ಕಂಪ್ಯೂಟರ್‌ಗೆ ತಂದು, ತೆರೆದು, ಓದಿ ನೋಡಿ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾದಾಗ ಅಷ್ಟು ದೊಡ್ಡ ಆಸ್ಪತ್ರೆಯೇ ದಿನಗಟ್ಟಲೆ ಕೈಬರಹದಲ್ಲಿ ಕೆಲಸ ನಡೆಸಬೇಕಾಯಿತು. ಆಡಳಿತದವರ ಹತ್ತಿರ ಪಾಳಿಗೆ ಒಪ್ಪಿಗೆ ಕೇಳುವಾಗ ಇದನ್ನು ಹೇಳಿ.

ಮನೆಯಲ್ಲಿ ಊಟದ ಹೊತ್ತು ಫೋನ್ ಫ್ರಿಜ್ ಮೇಲಿರಲಿ. ಸಂಜೆ ಮಾವಿನಕೆರೆ ಕಡೆ ಒಂದು ಸುತ್ತು ಹೋಗಿಬನ್ನಿ.

ಬೆಂಗಳೂರು? ಕಲಿಯೋಕೆ, ಸಂಬಳಕ್ಕೆ ಹೋಗೋದಾದರೆ ಖಂಡಿತ ಹೋಗಿ. ತಪ್ಪಿಸಿಕೊಳ್ಳೋಕೆ ಬೇಡ, ಅಲ್ಲೂ ಪ್ರಿಂಟರ್ ಇವೆ. ಮೂರು ತಿಂಗಳು ನೋಟ್‌ಬುಕ್ ಬರೆಯಿರಿ. ದಿನಕ್ಕೆ ಎಷ್ಟು ಕರೆ ಅನ್ನೋದು ಪುಟಪುಟದಲ್ಲೂ ಇರುತ್ತದೆ. ಅದನ್ನು ಆಡಳಿತದವರ ಮೇಜಿನ ಮೇಲಿಟ್ಟು, ಕೆಲಸಕ್ಕೆ ಮೂರನೆಯವನನ್ನು ಕೊಡಿ ಅಂತ ಕೇಳಿ. ಕೊಡಲ್ಲ ಅಂದರೆ, ಆಗ ಬೇರೆ ಕಡೆ ಅರ್ಜಿ ಹಾಕಿ.